ಕಾಗೆಗಳ ಕೂಟವೂ ತರಗತಿಯ ನಗೆಯೂ

ಹಗಲು ಹೊತ್ತಿನಲ್ಲಿ ಗೂಬೆಯೊಂದು ಪೊಟರೆಯಿಂದ ಹೊರಬಿದ್ದರೆ ಏನಾಗುವುದೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಮೊದಲು ಒಂದು ಕಾಗೆ ಕೂಗುತ್ತದೆ. ಆ ಕೂಗನ್ನು ಕೇಳಿ ಮತ್ತೆರಡು ಬರುತ್ತವೆ. ಸ್ವಲ್ಪ ಹೊತ್ತಿನಲ್ಲಿಯೇ ಸುತ್ತಲಿನ ಕಾಗೆಗಳೆಲ್ಲ ಮರವನ್ನು ಮುತ್ತಿ, ಗೂಬೆಯು ಜಾಗ ಬಿಟ್ಟು ಹಾರುವವರೆಗೂ ಗಲಾಟೆಯನ್ನು ನಿಲ್ಲಿಸುವುದಿಲ್ಲ. ಮಂಡ್ಯದ ನಾಲೆಯ ಬಯಲಿನಲ್ಲಿ, ಕಬ್ಬಿನ ಗದ್ದೆಗಳ ಅಂಚಿನ ತೆಂಗಿನ ಮರಗಳಲ್ಲಿ, ಈ ನೋಟ ಅಪರೂಪವಲ್ಲ. ಬೇಟೆಯ ಹಕ್ಕಿಗಳನ್ನು ಇತರ ಹಕ್ಕಿಗಳು ಹೀಗೆ ಗುಂಪುಗೂಡಿ ಓಡಿಸುವುದಕ್ಕೆ, ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸುವ ವಿಜ್ಞಾನಿಗಳು 'ಮಾಬಿಂಗ್' ಎಂದು ಹೆಸರಿಟ್ಟಿದ್ದಾರೆ. ಆಸ್ಟ್ರಿಯದ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ ಅವರು ಆಕ್ರಮಣ ಪ್ರವೃತ್ತಿಯನ್ನು ಕುರಿತು ೧೯೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾರೆ.

೧೯೬೯ರಲ್ಲಿ ಸ್ವೀಡನ್ನಿನ ವೈದ್ಯರಾದ ಪೇಟರ್ ಪಾಲ್ ಹೈನೆಮನ್ ಎಂಬವರು ಹಕ್ಕಿಗಳ ಈ ಮಾತನ್ನು ಶಾಲೆಯ ಅಂಗಳಕ್ಕೆ ತಂದರು. ಮಕ್ಕಳ ಗುಂಪು ಒಂಟಿ ಮಗುವಿನ ಮೇಲೆ ಬೀಳುವ ರೀತಿಗೆ ಅವರು ಅದೇ ಹೆಸರನ್ನು ಕೊಟ್ಟರು. ಹೋಲಿಕೆ ಚೆನ್ನಾಗಿಯೇ ಇದೆ. ಆದರೆ ಒಂದು ಕಡೆ ಅದು ಮುರಿದುಬೀಳುತ್ತದೆ. ಕಾಗೆಗಳು ಓಡಿಸುವುದು ತಮ್ಮ ಮರಿಗಳನ್ನು ತಿನ್ನಬಲ್ಲ ಬಲಶಾಲಿಯಾದ ಶತ್ರುವನ್ನು. ಶಾಲೆಯ ಗುಂಪು ಮುತ್ತುವುದು ತನ್ನಲ್ಲಿಯೇ ಬಲಹೀನನಾದವನನ್ನು. ಕಾಗೆಗಳಿಗೆ ಅದು ರಕ್ಷಣೆಯ ಉಪಾಯ. ಮಕ್ಕಳಿಗೆ ಅದು ಬಹುಮಟ್ಟಿಗೆ ಹೊತ್ತು ಕಳೆಯುವ ವಿನೋದ. ಹಾಗಾದರೆ ಕಾಗೆಗಳಿಗಿಲ್ಲದ ಈ ಗುಣ ನಮ್ಮ ಮಕ್ಕಳಿಗೆ ಎಲ್ಲಿಂದ ಬಂತು? ಇದನ್ನು ತಡೆಯುವ ಬಗೆ ಯಾವುದು? ಕಳೆದ ಅರ್ಧ ಶತಮಾನದಲ್ಲಿ ವಿಜ್ಞಾನವು ಈ ಪ್ರಶ್ನೆಗಳಿಗೆ ಕೆಲವು ಉತ್ತರಗಳನ್ನು ದೊರಕಿಸಿಕೊಟ್ಟಿದೆ.

ಕನ್ನಡದಲ್ಲಿ ಈ ನಡವಳಿಕೆಗೆ ಒಂದೇ ಹೆಸರಿಲ್ಲ. ಅದರ ಒಂದೊಂದು ಮುಖಕ್ಕೂ ಒಂದೊಂದು ಮಾತಿದೆ. ಗೇಲಿ, ಅಣಕ, ರೇಗಿಸುವುದು, ಚುಡಾಯಿಸುವುದು, ಕಾಟ ಕೊಡುವುದು, ಗೋಳು ಹುಯ್ದುಕೊಳ್ಳುವುದು—ಇವೆಲ್ಲವೂ ಮನೆಮನೆಯ ಮಾತುಗಳೇ. ಈ ಲೇಖನದಲ್ಲಿ ಎಲ್ಲಕ್ಕೂ ಸೇರಿಸಿ 'ಕಾಟ' ಎಂಬ ಮಾತನ್ನೇ ಬಳಸೋಣ.

ತಮಾಷೆ ಯಾವುದು, ಕಾಟ ಯಾವುದು?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಳವಳ್ಳಿಯ ಸುತ್ತಿನ ಹಳ್ಳಿಯೊಂದರಿಂದ ಹುಡುಗನೊಬ್ಬ ಪಟ್ಟಣದ ಪ್ರೌಢಶಾಲೆಗೆ ಬಂದು ಸೇರುತ್ತಾನೆ. ಮೊದಲನೆಯ ವಾರ ಉಪಾಧ್ಯಾಯರು ಪಾಠವನ್ನು ಗಟ್ಟಿಯಾಗಿ ಓದುವಂತೆ ಹೇಳುತ್ತಾರೆ. 'ಹಕ್ಕಿ ಹಾರುತ್ತದೆ' ಎಂದು ಪುಸ್ತಕದಲ್ಲಿ ಇದ್ದುದನ್ನು ಅವನು ತನ್ನ ಮನೆಯ ನಾಲಗೆಯಲ್ಲಿ 'ಅಕ್ಕಿ ಆರುತ್ತದೆ' ಎಂದು ಓದುತ್ತಾನೆ. ತರಗತಿ ನಗುತ್ತದೆ. ಇಲ್ಲಿಗೆ ಮುಗಿದಿದ್ದರೆ ಅದು ಒಂದು ತಮಾಷೆ; ಹುಡುಗನೂ ನಕ್ಕು ಕುಳಿತುಕೊಳ್ಳಬಹುದಾಗಿತ್ತು. ಆದರೆ ಮಾರನೆಯ ದಿನ ಅವನ ಹೆಸರೇ 'ಅಕ್ಕಿ' ಎಂದಾಗುತ್ತದೆ. ಹಾಜರಿ ಕರೆದಾಗ ಹಿಂದಿನ ಬೆಂಚಿನಿಂದ 'ಅಕ್ಕಿ' ಎಂಬ ಪಿಸುಮಾತು. ಆಟದ ಬಯಲಿನಲ್ಲಿ 'ಅಕ್ಕಿ ಆರಿತೇ?' ಎಂಬ ಪ್ರಶ್ನೆ. ಊಟದ ಡಬ್ಬಿಯಲ್ಲಿ ಒಂದು ಹಿಡಿ ಮಣ್ಣು. ಆಗಸ್ಟ್ ತಿಂಗಳ ಹೊತ್ತಿಗೆ ಅವನು ಬಾಯಿಬಿಟ್ಟು ಓದುವುದನ್ನು ನಿಲ್ಲಿಸಿರುತ್ತಾನೆ. ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಬೆಳಗ್ಗೆ ಹೊಟ್ಟೆನೋವೆಂದು ಮನೆಯಲ್ಲಿಯೇ ಉಳಿಯುತ್ತಾನೆ.

ಇನ್ನೊಂದು ಬಗೆಯೂ ಉಂಟು. ಮದ್ದೂರಿನಿಂದ ಮಂಡ್ಯದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯೊಬ್ಬಳಿಗೆ ಯಾರೂ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಅವಳು ಬಂದೊಡನೆ ಮಾತು ನಿಲ್ಲುತ್ತದೆ, ಅಷ್ಟೆ. ಪಕ್ಕದ ಜಾಗದ ಮೇಲೆ ಚೀಲವಿಡಲಾಗುತ್ತದೆ. ಅವಳೊಬ್ಬಳನ್ನು ಬಿಟ್ಟು ಉಳಿದ ಗೆಳತಿಯರೆಲ್ಲ ಸೇರಿ ವಾಟ್ಸ್‌ಆ್ಯಪ್ ಗುಂಪೊಂದನ್ನು ಕಟ್ಟಿಕೊಳ್ಳುತ್ತಾರೆ. ಶಾಲೆಯ ಕಾಟ ಹಿಂದೆ ಸಂಜೆಯ ಗಂಟೆಯೊಡನೆ ನಿಲ್ಲುತ್ತಿತ್ತು. ಈಗ ಅದು ಮೊಬೈಲಿನೊಳಗೆ ಕುಳಿತು ಮಲಗುವ ಕೋಣೆಯವರೆಗೂ ಹಿಂಬಾಲಿಸಿ ಬರುತ್ತದೆ.

ನಾರ್ವೆಯಲ್ಲಿ ನೆಲಸಿದ್ದ ಮನಶ್ಶಾಸ್ತ್ರಜ್ಞ ದಾನ್ ಓಲ್ವೇಯುಸ್ ೧೯೭೦ರ ದಶಕದ ಆರಂಭದಿಂದ ಈ ವಿಷಯವನ್ನು ಕ್ರಮವಾಗಿ ಅಭ್ಯಸಿಸಿದವರಲ್ಲಿ ಮೊದಲಿಗರು. ಕಾಟವನ್ನು ಗುರುತಿಸಲು ಅವರು ಮೂರು ಲಕ್ಷಣಗಳನ್ನು ಹೇಳಿದರು. ನೋಯಿಸಬೇಕೆಂಬ ಉದ್ದೇಶವಿರಬೇಕು; ಅದು ಮತ್ತೆ ಮತ್ತೆ ನಡೆಯಬೇಕು; ಇಬ್ಬರ ಬಲದಲ್ಲಿ ಅಂತರವಿರಬೇಕು. ಬಲವೆಂದರೆ ತೋಳ್ಬಲವೇ ಆಗಬೇಕಾಗಿಲ್ಲ. ಗೆಳೆಯರ ಸಂಖ್ಯೆ, ಹಣ, ಜಾತಿ, ಪಟ್ಟಣದ ಮಾತು, ಇಂಗ್ಲಿಷ್—ಇವೂ ಬಲಗಳೇ. ಸರಿಸಮಾನರಿಬ್ಬರು ಜಗಳವಾಡಿದರೆ ಅದು ಜಗಳ, ಕಾಟವಲ್ಲ. 'ಸುಮ್ಮನೆ ತಮಾಷೆಗೆ ಮಾಡಿದೆವು' ಎಂಬ ಸಬೂಬನ್ನು ತೂಗಿ ನೋಡಲು ಈ ತಕ್ಕಡಿ ಸಾಕು. ತಮಾಷೆಯಲ್ಲಿ ಇಬ್ಬರೂ ನಗುತ್ತಾರೆ, ಸರದಿಯೂ ಬದಲಾಗುತ್ತದೆ. ಕಾಟದಲ್ಲಿ ನಗುವವರು ಯಾವಾಗಲೂ ಅವರೇ, ಅಳುವವನೂ ಯಾವಾಗಲೂ ಅವನೇ.

'ಅಕ್ಕಿ ಆರುತ್ತದೆ' ಎಂಬುದು ತಪ್ಪೇ?

ಹುಡುಗನ ಉಚ್ಚಾರಣೆಯನ್ನು ಒಂದು ಕೊರತೆಯೆಂದು ಭಾವಿಸುವವರು ಕನ್ನಡದ ಇತಿಹಾಸವನ್ನು ಸ್ವಲ್ಪ ನೋಡಬೇಕು. ಹಳಗನ್ನಡದಲ್ಲಿ 'ಹಾಲು' ಎಂಬ ಮಾತೇ ಇರಲಿಲ್ಲ, ಇದ್ದುದು 'ಪಾಲ್'. ಹಾಗೆಯೇ 'ಹಳ್ಳಿ' ಎಂಬುದು 'ಪಳ್ಳಿ' ಆಗಿತ್ತು, 'ಹೂವು' ಎಂಬುದು 'ಪೂ' ಆಗಿತ್ತು. ತಮಿಳಿನಲ್ಲಿ ಈ ಪಕಾರ ಇಂದಿಗೂ ಉಳಿದಿದೆ. ಕನ್ನಡದಲ್ಲಿ ಮಾತ್ರ ಕೆಲವು ಶತಮಾನಗಳ ಅವಧಿಯಲ್ಲಿ ಪಕಾರವು ಸಡಿಲಗೊಂಡು ಹಕಾರವಾಯಿತು. ಹಳೆಯ ಮೈಸೂರು ಸೀಮೆಯ ಆಡುಮಾತಿನಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಕಾರವೂ ಬಿದ್ದುಹೋಗಿ, 'ಆಲು' ಆಯಿತು. ಪಾಲ್, ಹಾಲು, ಆಲು—ಇವು ಒಂದೇ ಹಾದಿಯ ಮೂರು ಮೈಲಿಗಲ್ಲುಗಳು. ಹತ್ತನೆಯ ಶತಮಾನದ ಪಂಪನ ಕಾಲದವರು ಎದ್ದುಬಂದು ಕೇಳಿದರೆ ನಮ್ಮ ಶಿಷ್ಟವಾದ 'ಹಾಲು' ಕೂಡ ಅವರ ಕಿವಿಗೆ ವಿಚಿತ್ರವಾಗಿ ತೋರಬಹುದು. ಬರಹಕ್ಕೆ ಒಂದು ಶಿಷ್ಟರೂಪ ಬೇಕು, ಅದನ್ನು ಎಲ್ಲರೂ ಕಲಿಯಬೇಕು. ಆದರೆ ಮನೆಯ ಮಾತು ಅದರಿಂದ ಕೀಳಾಗುವುದಿಲ್ಲ. ಮದ್ದೂರು ತಾಲ್ಲೂಕಿನವರೇ ಆದ ಡಾ. ಬೆಸಗರಹಳ್ಳಿ ರಾಮಣ್ಣನವರು ಮಂಡ್ಯದ ಆಡುಮಾತಿಗೆ ತಮ್ಮ ಕಥೆಗಳಲ್ಲಿ ಸ್ಥಾನ ಕೊಟ್ಟು ಓದುಗರ ಮನ್ನಣೆ ಪಡೆದುದನ್ನು ಇಲ್ಲಿ ನೆನೆಯಬಹುದು.

ಇನ್ನೊಂದು ಸ್ವಾರಸ್ಯವುಂಟು. ಹಳ್ಳಿಯವನ ಮಾತಿಗೆ ನಕ್ಕ ಪಟ್ಟಣದ ಹುಡುಗನೇ ಮುಂದೆ ಬೆಂಗಳೂರಿನ ಕಾಲೇಜಿಗೆ ಹೋದಾಗ, 'ಮಂಡ್ಯದ ಕಡೆಯವನು' ಎಂದು ಅವನ ಮಾತಿಗೂ ನಗುವವರಿರುತ್ತಾರೆ. ನಾರ್ವೆಯ ಶೆಲ್ಡರುಪ್ ಎಬ್ಬೆ ಎಂಬ ವಿಜ್ಞಾನಿ ಕೋಳಿಗಳ ನಡವಳಿಕೆಯನ್ನು ನೋಡಿ, ಅವುಗಳಲ್ಲಿ ಒಂದು ಶ್ರೇಣಿ ಇರುವುದನ್ನು ೧೯೨೨ರಲ್ಲಿ ಪ್ರಕಟಿಸಿದರು: ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ಅದಕ್ಕೂ ಕೆಳಗಿನದನ್ನು. ಕೋಳಿಗೆ ಈ ಏಣಿಯಿಂದ ಇಳಿಯುವ ವಿವೇಕವಿಲ್ಲ, ಮನುಷ್ಯನಿಗೆ ಇದೆ.

ಓಲ್ವೇಯುಸರ ಇನ್ನೊಂದು ಶೋಧವೂ ಇದನ್ನೇ ಹೇಳುತ್ತದೆ. ಕನ್ನಡಕ, ಕೂದಲಿನ ಬಣ್ಣ, ಮಾತಿನ ರೀತಿ ಮೊದಲಾದ ಹೊರಗುರುತುಗಳೇ ಕಾಟಕ್ಕೆ ಕಾರಣವೆಂದು ಜನ ನಂಬಿದ್ದರು. ಅವರು ಪರೀಕ್ಷಿಸಿದಾಗ ಅವುಗಳ ಪಾತ್ರ ನಂಬಿದ್ದಕ್ಕಿಂತ ಬಹಳ ಕಡಿಮೆಯೆಂದು ಕಂಡುಬಂತು. ಗುರುತು ನೆಪ ಮಾತ್ರ. ಹುಡುಕಿದರೆ ಪ್ರತಿಯೊಬ್ಬರಲ್ಲಿಯೂ ಒಂದು ಗುರುತು ಸಿಕ್ಕೇ ಸಿಕ್ಕುತ್ತದೆ. ಆದುದರಿಂದ 'ನನ್ನಲ್ಲಿ ಏನೋ ದೋಷವಿದೆ' ಎಂದು ಕೊರಗುವ ವಿದ್ಯಾರ್ಥಿ ಮೊದಲು ತಿಳಿಯಬೇಕಾದುದು ಇದು: ದೋಷ ನಿನ್ನದಲ್ಲ.

ಪೆಟ್ಟು ಬೀಳುವುದೆಲ್ಲಿಗೆ?

'ಮಾತಿನಿಂದ ಮೈಗೆ ಗಾಯವಾಗುತ್ತದೆಯೇ?' ಎಂದು ಕೇಳುವ ಹಿರಿಯರುಂಟು. ೨೦೦೩ರಲ್ಲಿ ಅಮೆರಿಕದ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನ ತೆರೆಯ ಮೇಲೆ ಮೂವರು ಚೆಂಡೆಸೆಯುವ ಆಟ. ಸ್ವಲ್ಪ ಹೊತ್ತಿನ ಮೇಲೆ ಉಳಿದಿಬ್ಬರು ಒಬ್ಬನಿಗೆ ಚೆಂಡು ಕೊಡುವುದನ್ನೇ ಬಿಡುತ್ತಾರೆ. ಆ ಹೊತ್ತಿನಲ್ಲಿ ಅವನ ಮಿದುಳನ್ನು ಯಂತ್ರದಿಂದ ಪರೀಕ್ಷಿಸಿದಾಗ, ದೇಹದ ನೋವಿನ ಸಂಕಟಕ್ಕೆ ಸಂಬಂಧಿಸಿದುದೆಂದು ತಿಳಿದಿರುವ ಭಾಗವೊಂದು ಚುರುಕಾದುದು ಕಂಡುಬಂತು. ಎರಡು ನೋವುಗಳೂ ಒಂದೇ ಎಂದು ಇದರ ಅರ್ಥವಲ್ಲ. ಆದರೆ ಗುಂಪಿನಿಂದ ಹೊರಬಿದ್ದವನ ಸಂಕಟ ಬರಿಯ ಕಲ್ಪನೆಯಲ್ಲವೆಂಬುದು ಸ್ಪಷ್ಟ.

ಈ ಗಾಯ ಬೇಗ ಮಾಯುವುದೇ? ಬ್ರಿಟನ್ನಿನಲ್ಲಿ ೧೯೫೮ರ ಒಂದೇ ವಾರದಲ್ಲಿ ಜನಿಸಿದ ಮಕ್ಕಳನ್ನು ವಿಜ್ಞಾನಿಗಳು ಬಹುಕಾಲ ಹಿಂಬಾಲಿಸಿ ಅಭ್ಯಸಿಸಿದ್ದಾರೆ. ೨೦೧೪ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಏಳು ಮತ್ತು ಹನ್ನೊಂದನೆಯ ವಯಸ್ಸಿನಲ್ಲಿ ಪದೇ ಪದೇ ಕಾಟಕ್ಕೆ ಸಿಕ್ಕಿದವರಲ್ಲಿ ಖಿನ್ನತೆ, ಆತಂಕಗಳ ಸಂಭವ ಐವತ್ತನೆಯ ವಯಸ್ಸಿನಲ್ಲಿಯೂ ಹೆಚ್ಚಾಗಿತ್ತು. ಹಾಗೆಂದು ಕಾಟಕ್ಕೆ ಸಿಕ್ಕಿದವರ ಬಾಳೆಲ್ಲ ಹಾಳೆಂದು ಯಾರೂ ತಿಳಿಯಬೇಕಾಗಿಲ್ಲ. ಅನೇಕರು ಚೆನ್ನಾಗಿಯೇ ಬಾಳಿದರು. 'ಮಕ್ಕಳಾಟ, ತಾನಾಗಿಯೇ ಸರಿಹೋಗುತ್ತದೆ' ಎಂದು ಸುಮ್ಮನಿರುವುದು ಸಲ್ಲದೆಂಬುದಷ್ಟೇ ಇದರ ತಾತ್ಪರ್ಯ. ಇದು ಒಂದೆರಡು ಮಕ್ಕಳ ಪಾಡೂ ಅಲ್ಲ. ಯುನೆಸ್ಕೊ ಸಂಸ್ಥೆ ೨೦೧೯ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪ್ರಪಂಚದ ವಿದ್ಯಾರ್ಥಿಗಳಲ್ಲಿ ಸುಮಾರು ಮೂವರಿಗೆ ಒಬ್ಬರು ಹಿಂದಿನ ಒಂದು ತಿಂಗಳಿನೊಳಗೆ ಒಮ್ಮೆಯಾದರೂ ಕಾಟವನ್ನು ಅನುಭವಿಸಿದ್ದರು.

ಉಯ್ಯಾಲೆಯ ನಿಯಮ

ಭೌತವಿಜ್ಞಾನವನ್ನು ಓದಿದ ವಿದ್ಯಾರ್ಥಿಗಳು ಅನುನಾದವನ್ನು ಬಲ್ಲರು. ಉಯ್ಯಾಲೆಯಲ್ಲಿ ಕುಳಿತವನನ್ನು ಸಣ್ಣ ಮಗುವೂ ಬಹಳ ಎತ್ತರಕ್ಕೆ ತೂಗಬಲ್ಲದು. ಬೇಕಾದುದು ದೊಡ್ಡ ಬಲವಲ್ಲ, ತಕ್ಕ ಸಮಯಕ್ಕೆ ಮತ್ತೆ ಮತ್ತೆ ಕೊಡುವ ಸಣ್ಣ ನೂಕು. ನೂಕುವುದನ್ನು ನಿಲ್ಲಿಸಿದರೆ, ಗಾಳಿಯ ತಡೆಯಿಂದಲೂ ಹಗ್ಗದ ಘರ್ಷಣೆಯಿಂದಲೂ ಉಯ್ಯಾಲೆ ತಾನಾಗಿಯೇ ನಿಲ್ಲುತ್ತದೆ. ತರಗತಿಯಲ್ಲಿ ಒಬ್ಬ 'ಅಕ್ಕಿ' ಎಂದಾಗ ಉಳಿದವರ ನಗು ಆ ಸಣ್ಣ ನೂಕಿನಂತೆ. ಒಂದೊಂದು ನಗುವೂ ಹಗುರವೇ. ಆದರೆ ಅದು ಪ್ರತಿ ಸಲವೂ ತಪ್ಪದೆ ದೊರೆಯುತ್ತದೆ.

ಇದು ಬರಿಯ ಉಪಮಾನವಲ್ಲ. ಫಿನ್‌ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು ೧೯೯೬ರಲ್ಲಿ ತೋರಿಸಿದಂತೆ, ಕಾಟದಲ್ಲಿ ಇರುವುದು ಇಬ್ಬರೇ ಅಲ್ಲ. ಕಾಟ ಕೊಡುವವನಿಗೆ ಕೈಜೋಡಿಸುವವರುಂಟು, ನಕ್ಕು ಹುರಿದುಂಬಿಸುವವರುಂಟು, ನೋಡಿಯೂ ನೋಡದಂತೆ ದೂರ ಸರಿಯುವವರುಂಟು, ಸಿಕ್ಕಿಬಿದ್ದವನ ಪರ ನಿಲ್ಲುವವರೂ ಉಂಟು. ತರಗತಿಯ ಬಹುಪಾಲು ಮಕ್ಕಳು ಈ ಗುಂಪುಗಳಲ್ಲಿ ಯಾವುದಾದರೊಂದಕ್ಕೆ ಸೇರಿದವರೇ.

ಒಳ್ಳೆಯ ಮಕ್ಕಳೂ ಏಕೆ ಸುಮ್ಮನಿರುತ್ತಾರೆ? ಇದಕ್ಕೆ ಎರಡು ಹಳೆಯ ಪ್ರಯೋಗಗಳು ಬೆಳಕು ಬೀರುತ್ತವೆ. ೧೯೫೧ರಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಕೆಲವು ಗೆರೆಗಳನ್ನು ತೋರಿಸಿ, ಯಾವ ಎರಡು ಗೆರೆಗಳು ಸಮವೆಂದು ಕೇಳಿದರು. ಪರೀಕ್ಷೆಗೆ ಒಳಗಾದ ಒಬ್ಬನ ಹೊರತು ಗುಂಪಿನ ಉಳಿದವರೆಲ್ಲರಿಗೂ ತಪ್ಪು ಉತ್ತರ ಕೊಡುವಂತೆ ಮೊದಲೇ ಹೇಳಿಕೊಡಲಾಗಿತ್ತು. ಕಣ್ಣಿಗೆ ಸತ್ಯ ಕಾಣುತ್ತಿದ್ದರೂ ಸುಮಾರು ಮೂರನೆಯ ಒಂದು ಪಾಲು ಉತ್ತರಗಳಲ್ಲಿ ಅವರು ಗುಂಪಿನ ತಪ್ಪನ್ನೇ ಹೇಳಿದರು. ಆದರೆ ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ನಿಜ ಹೇಳಿದರೆ ಸಾಕು, ಈ ತಪ್ಪುಗಳು ಸುಮಾರು ಕಾಲು ಭಾಗಕ್ಕೆ ಇಳಿದುಹೋದವು! ಒಬ್ಬ ಜೊತೆಗಾರನ ಬೆಲೆ ಇಷ್ಟು.

ಎರಡನೆಯದು ೧೯೬೮ರ, ಜಾನ್ ಡಾರ್ಲಿ ಮತ್ತು ಬಿಬ್ ಲಾಟನೆ ಅವರ ಪ್ರಯೋಗ. ಪಕ್ಕದ ಕೋಣೆಯಲ್ಲಿ ಯಾರಿಗೋ ಮೂರ್ಛೆ ಬಂದಂತೆ ಧ್ವನಿ ಕೇಳುತ್ತದೆ. ಕೇಳುತ್ತಿರುವವನು ತಾನೊಬ್ಬನೇ ಎಂದು ತಿಳಿದಿದ್ದ ವಿದ್ಯಾರ್ಥಿಗಳಲ್ಲಿ ೧೦೦ಕ್ಕೆ ೮೫ ಮಂದಿ, ಆ ಧ್ವನಿ ನಿಲ್ಲುವ ಮೊದಲೇ ನೆರವು ಕರೆಯಲು ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ತಿಳಿದಿದ್ದವರಲ್ಲಿ ಹೀಗೆ ಎದ್ದವರು ೩೧ ಮಂದಿ ಮಾತ್ರ. ಅವರು ಕಲ್ಲೆದೆಯವರಾಗಿರಲಿಲ್ಲ, 'ಬೇರೆ ಯಾರಾದರೂ ಹೋಗುತ್ತಾರೆ' ಎಂದು ಪ್ರತಿಯೊಬ್ಬರೂ ಎಣಿಸಿದರು. ಐವತ್ತು ಮಕ್ಕಳಿರುವ ತರಗತಿಯಲ್ಲಿ ಈ ಎಣಿಕೆ ಎಷ್ಟು ಸುಲಭವೆಂಬುದನ್ನು ನಾವು ಊಹಿಸಬಹುದು.

ಈಗ ಆಶಾದಾಯಕವಾದ ಲೆಕ್ಕವನ್ನು ನೋಡೋಣ. ಕೆನಡಾದ ಟೊರಾಂಟೊ ನಗರದ ಶಾಲೆಗಳ ಆಟದ ಬಯಲುಗಳಲ್ಲಿ ಕ್ಯಾಮೆರಾಗಳಿಂದ ಚಿತ್ರಿಸಿಕೊಂಡ ಘಟನೆಗಳ ವಿವರ ೨೦೦೧ರಲ್ಲಿ ಪ್ರಕಟವಾಯಿತು. ಕಾಟದ ಘಟನೆಗಳಲ್ಲಿ ೧೦೦ಕ್ಕೆ ೮೮ರಲ್ಲಿ ಬೇರೆ ಮಕ್ಕಳು ಹಾಜರಿದ್ದರು. ೧೯ರಲ್ಲಿ ಮಾತ್ರ ಯಾರಾದರೂ ನಡುವೆ ಬಂದರು. ಆದರೆ ಹಾಗೆ ಬಂದಾಗಲೆಲ್ಲ, ಅರ್ಧಕ್ಕಿಂತ ಹೆಚ್ಚು ಸಲ—೧೦೦ಕ್ಕೆ ೫೭ ಸಲ—ಕಾಟವು ಹತ್ತು ಸೆಕೆಂಡುಗಳೊಳಗೆ ನಿಂತುಹೋಯಿತು. ಹತ್ತು ಸೆಕೆಂಡುಗಳು! ಬೋರ್ಡನ್ನು ಒರಸುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಕಾಟಕ್ಕೆ ಸಿಕ್ಕಿದವರಿಗೆ

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಹೇಳಬೇಕು. ಅನೇಕ ವಿದ್ಯಾರ್ಥಿಗಳು 'ಚಾಡಿಕೋರ' ಎಂಬ ಹೆಸರಿಗೆ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಆದರೆ ಚಾಡಿ ಬೇರೆ, ದೂರು ಬೇರೆ. ಇನ್ನೊಬ್ಬನನ್ನು ತೊಂದರೆಗೆ ಸಿಕ್ಕಿಸಲು ಹೇಳುವುದು ಚಾಡಿ. ಒಬ್ಬನನ್ನು ತೊಂದರೆಯಿಂದ ಬಿಡಿಸಲು ಹೇಳುವುದು ದೂರು. ಅಪ್ಪ ಅಮ್ಮ, ಅಕ್ಕ, ಸೋದರಮಾವ, ನಂಬಿಕೆಯ ಮೇಷ್ಟರು—ಯಾರಾದರೂ ಆಗಬಹುದು. ಮೊದಲನೆಯವರು ಕಿವಿಗೊಡದಿದ್ದರೆ ಎರಡನೆಯವರಿಗೆ ಹೇಳಬೇಕು.

ಎರಡನೆಯದಾಗಿ, ಯಾವ ದಿನ, ಎಲ್ಲಿ, ಯಾರು, ಏನು ಮಾಡಿದರು, ಯಾರು ನೋಡಿದರು ಎಂಬುದನ್ನು ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಬರೆಯುವಂತೆ ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಮೊಬೈಲಿಗೆ ಬಂದ ಕೆಟ್ಟ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು, ಅವಕ್ಕೆ ಉತ್ತರ ಕೊಡದಿರಬೇಕು. 'ಅವರು ಯಾವಾಗಲೂ ಹಾಗೆಯೇ' ಎಂಬ ದೂರಿಗಿಂತ ಇಂಥ ದಾಖಲೆಗೆ ತೂಕ ಹೆಚ್ಚು.

ಮೂರನೆಯದಾಗಿ, ಒಂಟಿಯಾಗಿರಬಾರದು. ಆಶ್ ಅವರ ಪ್ರಯೋಗ ತೋರಿಸಿದಂತೆ ಒಬ್ಬನೇ ಜೊತೆಗಾರ ಸಾಕು. ಕಾಟ ನಡೆಯುವ ಜಾಗಗಳು—ಶೌಚಾಲಯದ ದಾರಿ, ಸೈಕಲ್ ನಿಲ್ಲಿಸುವ ಮೂಲೆ, ಬಸ್ಸಿನ ಹಿಂದಿನ ಸಾಲು—ಸಾಮಾನ್ಯವಾಗಿ ಗೊತ್ತಿರುತ್ತವೆ. ಅಲ್ಲಿಗೆ ಜೊತೆಯಾಗಿ ಹೋಗುವುದು ಹೇಡಿತನವಲ್ಲ. ತಿರುಗಿ ಹೊಡೆಯುವುದನ್ನು ಕೆಲವರು ಬೋಧಿಸುತ್ತಾರೆ; ಆದರೆ ಬಲದಲ್ಲಿ ಅಂತರವಿರುವುದೇ ಕಾಟದ ಲಕ್ಷಣವಾದ್ದರಿಂದ, ಇದರಿಂದ ಪೆಟ್ಟು ಹೆಚ್ಚುವುದೇ ಸಂಭವ. ಸಾಧ್ಯವಾದಾಗ 'ನನ್ನ ಹೆಸರು ಅದಲ್ಲ' ಎಂದು ನಿಧಾನವಾಗಿ, ನೆಟ್ಟಗೆ ನೋಡಿ ಹೇಳಿ ಅಲ್ಲಿಂದ ಹೊರಡುವುದು ಮೇಲು.

ನೋಡುವವರ ಕೆಲಸ ಇನ್ನೂ ಸುಲಭ. ನಗದಿರುವುದು ಮೊದಲನೆಯ ಹೆಜ್ಜೆ. 'ಸಾಕು ಬಿಡ್ರೋ' ಎನ್ನುವುದು ಎರಡನೆಯದು. ಅದಕ್ಕೂ ಧೈರ್ಯ ಸಾಲದಿದ್ದರೆ, ಆಮೇಲೆ ಅವನ ಪಕ್ಕದಲ್ಲಿ ಹೋಗಿ ಕುಳಿತು ಊಟದ ಡಬ್ಬಿ ಬಿಚ್ಚಬಹುದು. ಇದೂ ಸಣ್ಣ ಉಪಕಾರವಲ್ಲ.

ಶಾಲೆಯ ಹೊಣೆ

ಮಕ್ಕಳ ಧೈರ್ಯವೊಂದರ ಮೇಲೆಯೇ ಭಾರ ಹಾಕುವುದು ನ್ಯಾಯವಲ್ಲ. ೧೯೮೨ರ ಕೊನೆಯಲ್ಲಿ ನಾರ್ವೆಯ ಉತ್ತರಭಾಗದಲ್ಲಿ ಮೂವರು ಬಾಲಕರು ಪ್ರಾಣ ಕಳೆದುಕೊಂಡಾಗ, ಶಾಲೆಯ ಕಾಟವೇ ಕಾರಣವಿರಬೇಕೆಂದು ದೇಶವೆಲ್ಲ ತಲ್ಲಣಿಸಿತು. ೧೯೮೩ರಲ್ಲಿ ಸರ್ಕಾರವೇ ಕಾಟದ ವಿರುದ್ಧ ಕಾರ್ಯಕ್ರಮವನ್ನು ಕೈಗೊಂಡಿತು. ಬರ್ಗೆನ್ ನಗರದ ೪೨ ಶಾಲೆಗಳ ಸುಮಾರು ೨,೫೦೦ ವಿದ್ಯಾರ್ಥಿಗಳನ್ನು ಓಲ್ವೇಯುಸ್ ಎರಡೂವರೆ ವರ್ಷ ಗಮನಿಸಿದಾಗ, ಕಾಟವು ಸುಮಾರು ಅರ್ಧಕ್ಕೆ ಇಳಿದಿತ್ತು. ಬಿಡುವಿನ ವೇಳೆಯಲ್ಲಿ ಮೇಲ್ವಿಚಾರಣೆ, ಎಲ್ಲರಿಗೂ ಗೊತ್ತಿರುವ ಸರಳ ನಿಯಮಗಳು, ತರಗತಿಯ ಸಭೆ, ಎರಡೂ ಕಡೆಯವರೊಡನೆ ಬೇರೆ ಬೇರೆಯಾಗಿ ಮಾತು—ಇಷ್ಟೇ ಅವರ ಉಪಾಯ. ಇತರ ದೇಶಗಳಲ್ಲಿ ಇಷ್ಟು ದೊಡ್ಡ ಫಲ ಸಾಮಾನ್ಯವಾಗಿ ದೊರೆತಿಲ್ಲ. ೨೦೧೯ರಲ್ಲಿ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಾಟವು ೧೦೦ಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ತಗ್ಗುವುದೆಂದು ಕಂಡಿತು. ಭಾರತದಲ್ಲಿಯೇ, ಬಿಹಾರದ ನಳಂದಾ ಜಿಲ್ಲೆಯ ೭೪ ಪ್ರೌಢಶಾಲೆಗಳಲ್ಲಿ ನಡೆದ ಪರೀಕ್ಷೆಯ ಫಲ ೨೦೧೮ರಲ್ಲಿ ಪ್ರಕಟವಾಯಿತು. ಮಕ್ಕಳ ಮಾತು ಕೇಳುವುದಕ್ಕೆಂದೇ ತರಬೇತಾದ ಸಾಮಾನ್ಯ ಸಲಹೆಗಾರರನ್ನು ನೇಮಿಸಿದ ಶಾಲೆಗಳಲ್ಲಿ ಕಾಟವೂ ಖಿನ್ನತೆಯೂ ಕಡಿಮೆಯಾದುವು. ಅದೇ ಕೆಲಸವನ್ನು ಪಾಠದ ಹೊರೆ ಹೊತ್ತ ಉಪಾಧ್ಯಾಯರಿಗೆ ವಹಿಸಿದ ಶಾಲೆಗಳಲ್ಲಿ ಆಗಲಿಲ್ಲ.

ಉಪಾಧ್ಯಾಯ ಮಿತ್ರರಲ್ಲಿ ನಮ್ಮ ವಿನಂತಿಯೊಂದಿದೆ. ಗುರುವೇ ವಿದ್ಯಾರ್ಥಿಯನ್ನು ಅಡ್ಡಹೆಸರಿನಿಂದ ಕರೆದರೆ ಆ ಹೆಸರಿಗೆ ಮುದ್ರೆ ಬಿದ್ದಂತಾಗುತ್ತದೆ. ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣ ನಿಷೇಧಿಸಿದೆ. ಕಾಟ ಕೊಟ್ಟವನನ್ನು ಎಲ್ಲರೆದುರು ಥಳಿಸಿದರೆ, ಬಲವಿದ್ದವನು ಹೊಡೆಯಬಹುದೆಂಬ ಪಾಠವೇ ಇನ್ನೊಮ್ಮೆ ಆದಂತಾಗುವುದು. ಅವನಿಗೂ ಆರೈಕೆ ಬೇಕು. ಅವನೂ ಬೇರೆಲ್ಲೋ ಪೆಟ್ಟು ತಿನ್ನುತ್ತಿರಬಹುದು.

ಕಾಯಿದೆಯ ಬಲವೂ ಇದೆ. ೧೯೮೩ರ ಕರ್ನಾಟಕ ಶಿಕ್ಷಣ ಅಧಿನಿಯಮವು ರ‍್ಯಾಗಿಂಗನ್ನು ನಿರೂಪಿಸುವಾಗ, ತಮಾಷೆಗೆಂದು ಮಾಡಿದುದನ್ನೂ ಅದರೊಳಗೆ ಸೇರಿಸಿದೆ. ಕಾಲೇಜುಗಳಿಗೆ ಯು.ಜಿ.ಸಿ.ಯ ೨೦೦೯ರ ನಿಯಮಾವಳಿ ಅನ್ವಯಿಸುತ್ತದೆ. ಅದರ ಸಹಾಯವಾಣಿ ೧೮೦೦-೧೮೦-೫೫೨೨. ಪರಿಶಿಷ್ಟ ಜಾತಿ, ಪಂಗಡಗಳ ಒಬ್ಬರನ್ನು ಬೇರೆಯವರು ಸಾರ್ವಜನಿಕವಾಗಿ ಜಾತಿಯ ಹೆಸರು ಹಿಡಿದು ನಿಂದಿಸುವುದು ೧೯೮೯ರ ದೌರ್ಜನ್ಯ ತಡೆ ಕಾಯಿದೆಯಂತೆ ಅಪರಾಧ. ಮಕ್ಕಳ ಸಹಾಯವಾಣಿ ೧೦೯೮. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ೧೪೪೧೬. ಇವೆರಡಕ್ಕೂ ಕರೆಮಾಡಲು ಹಣ ಬೇಕಾಗಿಲ್ಲ. ಬದುಕೇ ಬೇಡವೆಂಬ ಯೋಚನೆ ಯಾರ ಮನಸ್ಸಿನಲ್ಲಾದರೂ ಸುಳಿದರೆ, ಒಂದು ಗಳಿಗೆಯೂ ತಡಮಾಡದೆ ಮನೆಯವರಿಗಾಗಲಿ ಈ ಸಂಖ್ಯೆಗಳಿಗಾಗಲಿ ತಿಳಿಸಬೇಕು.

ಬೇಸಗೆಯ ರಜೆ ಕಳೆದು ಶಾಲೆ ತೆರೆದಾಗ ಮಂಡ್ಯ, ಮದ್ದೂರು, ಮಳವಳ್ಳಿಗಳ ತರಗತಿಗಳಿಗೆ ಸುತ್ತಲಿನ ಹಳ್ಳಿಗಳಿಂದ ಹೊಸ ಮುಖಗಳು ಬರುತ್ತವೆ. ಅವರಲ್ಲಿ ಒಬ್ಬ ಎದ್ದು ನಿಂತು 'ಅಕ್ಕಿ ಆರುತ್ತದೆ' ಎಂದು ಓದಿಯೇ ಓದುತ್ತಾನೆ. ಅವನು ಹತ್ತನೆಯ ತರಗತಿಯನ್ನು ಮುಟ್ಟುವನೋ, ನಡುವೆಯೇ ಶಾಲೆ ಬಿಟ್ಟು ಮನೆಯಲ್ಲಿ ಕೂರುವನೋ ಎಂಬುದು ಅವನ ಬುದ್ಧಿಶಕ್ತಿಯೊಂದನ್ನೇ ಅವಲಂಬಿಸಿಲ್ಲ. ಆ ಮುಂದಿನ ಹತ್ತು ಸೆಕೆಂಡುಗಳಲ್ಲಿ ಪಕ್ಕದ ಬೆಂಚಿನವರು ಏನು ಮಾಡುತ್ತಾರೆಂಬುದನ್ನೂ ಅವಲಂಬಿಸಿದೆ.